ಕೆಳಮನೆಯ ಬಿಸಿ

ಬ್ರೋನ್ಯಾಳ ಮನೆಯ ಮೆಟ್ಟಿಲ ಮೇಲೆ ಬೀಳುವುದಕ್ಕೆ ಹಿಮಕ್ಕೂ ಹೆದರಿಕೆ, ಬಿದ್ದರೂ ದಾರ ಹಿಡಿದ ಹಾಗೆ ನೆಟ್ಟಗೆ ಬೀಳುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಎದುರುಮನೆಯ ಮುದುಕ ಒಂದು ಹೆಜ್ಜೆ ಮುಂದೆ ಹೋಗಿ, "ಆಯಮ್ಮ ಸತ್ತು ಮೇಲಕ್ಕೆ ಹೋದ್ರೆ ಸ್ವರ್ಗದ ಬಾಗ್ಲು ಕಾಯೋ ಸಂತ ಪೀಟರನ ಉಗುರು ನೋಡಿ, ಕೊಳೆ ಇದ್ರೆ ವಾಪಸ್ ಬಂದ್ಬಿಡ್ತಾಳೆ" ಎನ್ನುತ್ತಿದ್ದ. ಈ ಮಾತು ಬ್ರೋನ್ಯಾಳ ಕಿವಿಗೂ ಬಿದ್ದಿತ್ತು. ಅವಳಿಗೆ ಬೇಸರವೇನೂ ಆಗಲಿಲ್ಲ. ಆ ಮುದುಕನ ಉಗುರನ್ನು ಅವಳು ನೋಡಿದ್ದಳು.

ಅಮೆರಿಕದ ಮಿಲ್ವಾಕಿ ಊರಿನ ದಕ್ಷಿಣದ ಕಡೆ ಆ ಮನೆಯನ್ನು ಕಟ್ಟಿದವನು ಅವಳ ಅಪ್ಪ ಸೊಬ್ಚಾಕ್. ಪೋಲೆಂಡಿನಿಂದ ಬಂದವರೆಲ್ಲ ಮಾಡುತ್ತಿದ್ದಂತೆ ಅವನೂ ಮೊದಲು ಪುಟ್ಟದೊಂದು ಮರದ ಮನೆ ಕಟ್ಟಿದ. ನಾಲ್ಕು ಕಾಸು ಕೂಡಿದ ಮೇಲೆ ಜಾಕ್ ಕೊಟ್ಟು ಮನೆಯನ್ನೇ ಮೇಲೆತ್ತಿಸಿ, ಅದರಡಿ ಅರ್ಧ ನೆಲದೊಳಗೆ ಅರ್ಧ ನೆಲದ ಮೇಲೆ ಇರುವ ಹಾಗೆ ಇನ್ನೊಂದು ಮನೆ ಮಾಡಿದ. ಮೇಲೆ ತಾನು, ಕೆಳಗೆ ಬಾಡಿಗೆಯವರು. ಎರಡಕ್ಕೂ ನಡುವೆ ಒಂದೇ ಇಟ್ಟಿಗೆಯ ಹೊಗೆಗೂಡು. ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ. ಮನೆಗೆ ಬಂದರೆ ಮೈತುಂಬ ನಾತ. ಆದರೆ ಯಾವ ಬಿಲ್ಲೂ ಅವನ ಮೇಜಿನ ಮೇಲೆ ರಾತ್ರಿ ಕಳೆದದ್ದಿಲ್ಲ. "ನಾತ ತೊಳೆದ್ರೆ ಹೋಗುತ್ತೆ, ಸಾಲ ಹೋಗಲ್ಲ" ಎನ್ನುವುದು ಅವನ ಮಾತು. ಸಾಯುವಾಗ ಅವನು ಮಗಳಿಗೆ ಬಿಟ್ಟುಹೋದದ್ದು ಎರಡು: ಒಂದು ಆ ಮನೆ, ಇನ್ನೊಂದು ಆ ಮಾತು. ಮನೆಗಿಂತ ಮಾತೇ ಗಟ್ಟಿಯಾಗಿತ್ತು.

ಬ್ರೋನ್ಯಾಳಿಗೆ ಮದುವೆ ಗೊತ್ತಾಗಿತ್ತು ಒಂದು ಕಾಲದಲ್ಲಿ. ಹುಡುಗ ಒಳ್ಳೆಯವನೇ, ಬೌಲಿಂಗ್ ಚೆನ್ನಾಗಿ ಆಡುತ್ತಿದ್ದ. ಒಂದು ಭಾನುವಾರ ಹೊಸ ಕಾರಿನಲ್ಲಿ ಬಂದು ಹಾರ್ನ್ ಹೊಡೆದ. ಎಲ್ಲಿಂದ ಬಂತು ದುಡ್ಡು ಎಂದು ಇವಳು ಕೇಳಿದಳು. ಕಂತಿನ ಮೇಲೆ ತಂದೆ ಎಂದ. ಅಷ್ಟೇ. ಉಂಗುರ ಬಿಚ್ಚಿ ಕಾರಿನ ಮೂತಿಯ ಮೇಲಿಟ್ಟು ಒಳಗೆ ಹೋದಳು. "ಮೊದಲು ಕಂತಿನ ಜೊತೆ ಮದುವೆ ಮುಗಿಸ್ಕೊ" ಎಂದಳಂತೆ. ಆಮೇಲೆ ಯಾರೂ ಅವಳ ಮನೆ ಮುಂದೆ ಹಾರ್ನ್ ಹೊಡೆಯಲಿಲ್ಲ. ಸಾಸೇಜ್ ಅಂಗಡಿಯ ಗಲ್ಲೆಯ ಹಿಂದೆ ನಿಂತು ಅವಳು ಕೂದಲು ಬೆಳ್ಳಗೆ ಮಾಡಿಕೊಂಡಳು. ಅರ್ಧ ಪೌಂಡು ಕೇಳಿದವರಿಗೆ ಅರ್ಧ ಪೌಂಡು ತೂಗಿಕೊಟ್ಟು, ಅರ್ಧ ಪೌಂಡು ತಿನ್ನುವ ಮನೆ ಎಂಥದ್ದು ಎಂದು ಮುಖದಲ್ಲೇ ಹೇಳಿ ಕಳಿಸುತ್ತಿದ್ದಳು.

ಆ ಊರಿನಲ್ಲಿ ಚಳಿಯ ಕಟ್ಟಳೆ ಎಂದು ಒಂದು ಉಂಟು. ನವೆಂಬರ್ ಹುಟ್ಟಿದ ದಿನದಿಂದ ಏಪ್ರಿಲ್ ನಡುವಿನ ತನಕ, ಬಿಲ್ಲು ಕಟ್ಟಲಿಲ್ಲ ಎಂಬ ಕಾರಣಕ್ಕೆ ಯಾರ ಮನೆಯ ಗ್ಯಾಸನ್ನೂ ಕರೆಂಟನ್ನೂ ಕಂಪನಿ ನಿಲ್ಲಿಸುವ ಹಾಗಿಲ್ಲ. ಜನ ಚಳಿಗೆ ಸತ್ತು ಬಿದ್ದ ಮೇಲೆ ಸರ್ಕಾರಕ್ಕೆ ಬಂದ ಬುದ್ಧಿ ಅದು. ಆದರೆ ನವೆಂಬರಿಗೆ ಮುಂಚೆ ನಿಂತುಹೋಗಿದ್ದರೆ, ಬಂದು ತೆರೆದುಕೊಡಲೇಬೇಕು ಎಂದು ಆ ಕಟ್ಟಳೆ ಹೇಳುವುದಿಲ್ಲ. ಆದ್ದರಿಂದ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠವಾದ ವಿದ್ಯೆ ಒಂದೇ: ಅಕ್ಟೋಬರಿನಲ್ಲಿ ಹೇಗಾದರೂ ಮಾಡಿ ಅಷ್ಟೋ ಇಷ್ಟೋ ಕಟ್ಟಿ, ಉರಿ ಆರದ ಹಾಗೆ ನೋಡಿಕೊಂಡು ನವೆಂಬರಿನ ಹೊಸಿಲು ದಾಟಿಬಿಡಬೇಕು. ಆಮೇಲೆ ಹಿಮ ಕರಗುವ ತನಕ ಯಾರ ಭಯವೂ ಇಲ್ಲ. ಏಪ್ರಿಲಿನಲ್ಲಿ ಕಂಪನಿಯವರು ಕೆಂಪು ಚೀಟಿ ಹಿಡಿದು ಮನೆಮನೆಯ ಬಾಗಿಲ ಹಿಡಿಗೆ ನೇತುಹಾಕುತ್ತ ಬರುತ್ತಾರೆ. ಅವರನ್ನು ನೋಡಿದರೆ ಮಕ್ಕಳಿಗೆ ವಸಂತ ಬಂತೆಂದು ಗೊತ್ತಾಗುತ್ತದೆ.

ಬ್ರೋನ್ಯಾಳಿಗೆ ಈ ಜನರನ್ನು ಕಂಡರೆ ಮೈಯೆಲ್ಲ ಉರಿ.

"ಕರಡಿಗಳು ಕಣೋ" ಎನ್ನುತ್ತಿದ್ದಳು ತಮ್ಮ ಸ್ಟಾಶನ ಹತ್ತಿರ. "ಅಲ್ಲ, ಕರಡಿಗೂ ಮರ್ಯಾದೆ ಉಂಟು. ಕರಡಿ ತನ್ನ ಕೊಬ್ಬು ತಾನು ತಿಂದು ಮಲಗುತ್ತೆ. ಇವರು ಕಂಪನಿ ಕೊಬ್ಬು ತಿಂದು ಮಲಗ್ತಾರೆ."

ಕೆಳಮನೆಯಲ್ಲಿದ್ದವರು ಅಂಥ ಕರಡಿಗಳೇ. ಗಂಡ ನಿಕಾನೊರ್, ಹೆಂಡತಿ ಎಲ್ವಿರಾ, ಎರಡು ಮಕ್ಕಳು. ಮೆಕ್ಸಿಕೋ ಕಡೆಯವರು. ಗಂಡನದು ಮನೆಗಳ ಮಾಡು ಹೊದಿಸುವ ಕೆಲಸ. ಹಿಮ ಬಿದ್ದ ಮಾಡಿನ ಮೇಲೆ ಯಾರು ಹತ್ತುತ್ತಾರೆ? ಚಳಿಗಾಲವಿಡೀ ಅವನ ಏಣಿ ಅಂಗಳದಲ್ಲಿ ಅಡ್ಡ ಬಿದ್ದಿರುತ್ತಿತ್ತು. ಮನೆಬಾಡಿಗೆಯನ್ನು ಅವರು ಒಂದು ದಿನವೂ ತಡಮಾಡಿದವರಲ್ಲ. ಗ್ಯಾಸಿನ ಬಿಲ್ಲಿನ ವಿಷಯ ಬೇರೆ. ಅದು ಅವರ ಹೆಸರಿನಲ್ಲೇ ಇತ್ತು, ಅವರ ಮೀಟರೇ ಬೇರೆ. ಬ್ರೋನ್ಯಾಳಿಗೆ ಕೇಳುವ ಅಧಿಕಾರವಿರಲಿಲ್ಲ. ಅಧಿಕಾರವಿಲ್ಲದ್ದನ್ನು ಕೇಳುವುದರಲ್ಲೇ ಅವಳಿಗೆ ರುಚಿ.

"ಏನಮ್ಮ, ಈ ತಿಂಗಳಾದ್ರೂ ಕಂಪನಿಗೆ ಏನಾದ್ರೂ ಬಿಸಾಕಿದ್ರಾ?"

"ಬೇಸಿಗೇಲಿ ಕೆಲಸ, ಬೇಸಿಗೇಲಿ ಕಟ್ತೀವಿ ದೋನ್ಯಾ ಬ್ರೋನ್ಯಾ" ಎನ್ನುತ್ತಿದ್ದಳು ಎಲ್ವಿರಾ. ಅವರಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. "ಚಳಿಗಾಲದಲ್ಲಿ ಚಳಿ ಕಾಯಿಸ್ಕೋತೀವಿ. ಎಲ್ಲಕ್ಕೂ ಒಂದೊಂದು ಕಾಲ ಅಂತ ಉಂಟಲ್ಲ."

"ನಾಚಿಕೆಗೆ ಯಾವ ಕಾಲ?"

"ಅದು ಮೇಲ್ಮನೆ ಬೆಳೆ. ನಮ್ಮಲ್ಲಿ ಬಿಸಿಲು ಸಾಲದು."

ಭಾನುವಾರ ಬೆಳಗ್ಗೆ ಕೆಳಗೆ ರೇಡಿಯೊ ಹಾಡು ಶುರುವಾಗುತ್ತಿತ್ತು. ಬ್ರೋನ್ಯಾ ಪೊರಕೆಯ ಹಿಡಿಯಿಂದ ನೆಲ ಕುಟ್ಟುತ್ತಿದ್ದಳು. ಕೆಳಗಿನಿಂದ ಎಲ್ವಿರಾ ಅದೇ ತಾಳಕ್ಕೆ ಸರಿಯಾಗಿ ಎರಡು ಸಲ ತಲೆಯ ಮೇಲಿನ ಹಲಗೆ ಕುಟ್ಟಿ ಉತ್ತರ ಕೊಡುತ್ತಿದ್ದಳು. ಇಬ್ಬರ ನಡುವೆ ಇದ್ದ ದೈವಭಕ್ತಿ ಇಷ್ಟೇ.

ಹೀಗಿರುವಾಗ ಬ್ರೋನ್ಯಾಳ ಕಾಲವೂ ಕೆಟ್ಟಿತು. ಅಂಗಡಿಗೆ ಬರುತ್ತಿದ್ದ ಹಳೇ ಪೋಲಿಷ್ ಜನ ಒಬ್ಬೊಬ್ಬರಾಗಿ ಊರಾಚೆಯ ಬಡಾವಣೆಗಳಿಗೆ ಹೋದರು, ಉಳಿದವರು ಸ್ಮಶಾನಕ್ಕೆ ಹೋದರು. ಯಜಮಾನ ಅವಳನ್ನು ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದ. ಅದೇ ಬೇಸಿಗೆಯಲ್ಲಿ ಮೋರಿ ಕಟ್ಟಿಕೊಂಡು ಅಂಗಳ ಅಗೆಸಬೇಕಾಯಿತು. ಸೆಪ್ಟೆಂಬರ್ ಬರುವ ಹೊತ್ತಿಗೆ, ಸೊಬ್ಚಾಕ್ ವಂಶದಲ್ಲೇ ಮೊದಲ ಬಾರಿಗೆ, ಗ್ಯಾಸ್ ಬಿಲ್ಲೊಂದು ಆ ಮೇಜಿನ ಮೇಲೆ ರಾತ್ರಿ ಕಳೆಯಿತು. ಅದರ ಮೇಲೆ ಇನ್ನೊಂದು ಬಂದು ಕೂತಿತು. ಅಕ್ಟೋಬರಿನಲ್ಲಿ ಕಂಪನಿಯಿಂದ ಎಚ್ಚರಿಕೆ ಬಂತು: ಕಟ್ಟದಿದ್ದರೆ ಮೊದಲು ಬಾಗಿಲಿಗೆ ಕೆಂಪು ಚೀಟಿ, ಆಮೇಲೆ ಮೀಟರಿಗೆ ಬೀಗ.

ಸ್ಟಾಶ್ ಕೇಳಿ ನಕ್ಕುಬಿಟ್ಟ. ಅವನು ಹಗುರ ಮನುಷ್ಯ. ಶುಕ್ರವಾರದ ಕರಿದ ಮೀನು, ಬಿಯರ್, ಬೌಲಿಂಗ್ ಇಷ್ಟಿದ್ದರೆ ಅವನಿಗೆ ಲೋಕ ಸರಿಯಾಗಿತ್ತು.

"ಇಷ್ಟಕ್ಕೆ ಮುಖ ಹೀಗೆ ಮಾಡ್ಕೊಂಡಿದೀಯಾ ಅಕ್ಕ? ಕಂಪನಿಗೆ ಫೋನ್ ಮಾಡು. ಇವತ್ತು ಇಷ್ಟು ಕಟ್ತೀನಿ, ಉಳಿದದ್ದು ಆಮೇಲೆ ಅನ್ನು. ಅವರೇ ಒಪ್ಕೋತಾರೆ. ಹತ್ತಿಪ್ಪತ್ತು ದಿನ ದೂಡಿದ್ರೆ ನವೆಂಬರು. ಆಮೇಲೆ ಪೋಪ್ ಬಂದ್ರೂ ನಿನ್ನ ಗ್ಯಾಸ್ ಮುಟ್ಟೋಕಾಗಲ್ಲ."

"ಕೆಳಮನೆಯವರ ಹಾಗೆ ಬಾಳು ಅಂತೀಯ?"

"ಬೆಚ್ಚಗೆ ಬಾಳು ಅಂತೀನಿ."

"ಲೋ, ಅಪ್ಪ ಕಟ್ಟಿದ ಬಾಗಿಲು ಇದು. ಇದಕ್ಕೆ ಇವತ್ತಿನವರೆಗೆ ಯಾರೂ ಚೀಟಿ ಕಟ್ಟಿಲ್ಲ. ನಾನಿರೋವರೆಗೆ ಕಟ್ಟೋದೂ ಇಲ್ಲ."

"ಚೀಟಿ ಏನು ಕಚ್ಚುತ್ತಾ? ನಮ್ಮ ಬಾಗ್ಲಿಗೆ ಎರಡು ಸಲ ಬಂದಿತ್ತು. ಹೆಂಡತಿ ಅದರ ಹಿಂದ್ಗಡೆ ಅಂಗಡಿ ಸಾಮಾನು ಬರ್ಕೊಂಡ್ಳು."

ಬ್ರೋನ್ಯಾ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಬೂಟಿನ ದಾರ ಬಿಚ್ಚಿತ್ತು. ಮಾತಾಡಿ ಪ್ರಯೋಜನವಿಲ್ಲ ಎಂದುಕೊಂಡಳು.

ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವರ ಕಥೆ ಎಲ್ಲ ಊರಲ್ಲೂ ಉಂಟು. ಬ್ರೋನ್ಯಾ ಅಮ್ಮನ ಬೆಳ್ಳಿ ಚಮಚಗಳನ್ನು ಮಾರಿ ಬಾಕಿಯನ್ನೆಲ್ಲ ತೀರಿಸಿದಳು. ತೀರಿಸಿದ ಮೇಲೆ ಸುಮ್ಮನಿದ್ದರೆ ಗ್ಯಾಸ್ ಉರಿಯುತ್ತಿತ್ತು, ಕಥೆಯೂ ಇರುತ್ತಿರಲಿಲ್ಲ. ಆದರೆ ಮುಂದಿನ ತಿಂಗಳ ಬಿಲ್ಲು ಕಟ್ಟಲಿಕ್ಕಾಗುವುದಿಲ್ಲ, ಕಟ್ಟಳೆಯ ಸೆರಗು ಹಿಡಿದು ಬಾಳಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಂಪನಿಗೆ ಫೋನ್ ಮಾಡಿ, "ನನ್ನ ಮನೆಗೆ ಗ್ಯಾಸ್ ಬೇಡ, ಬಂದು ನಿಲ್ಲಿಸಿ" ಎಂದಳು. ಆ ಕಡೆಯ ಹುಡುಗಿಗೆ ಅರ್ಥವಾಗಲಿಲ್ಲ. ಮನೆ ಬಿಡುತ್ತಿದ್ದೀರಾ ಎಂದು ಕೇಳಿದಳು. "ಮನೆ ಯಾಕೆ ಬಿಡಲಿ? ನಿಮ್ಮನ್ನ ಬಿಡ್ತಿದೀನಿ" ಎಂದಳು ಬ್ರೋನ್ಯಾ.

ಕಂಪನಿಯವನು ಮಧ್ಯಾಹ್ನ ಬಂದ. ಉದ್ದನೆಯ ಸ್ಪ್ಯಾನರ್ ಹಿಡಿದು ಅವನು ಮೀಟರಿನ ಮುಂದೆ ಬಗ್ಗಿದ್ದೇ ಬೀದಿಯ ಕಿಟಕಿಗಳ ಪರದೆಗಳೆಲ್ಲ ಸರಿದವು. ಸೊಬ್ಚಾಕ್ ಮನೆಯ ಗ್ಯಾಸಿಗೆ ಬೀಗ! ಬ್ರೋನ್ಯಾ ಮೆಟ್ಟಿಲ ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನೇ ಕರೆಸಿದ್ದು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಒಂದು ಕಾಸೂ ಬಾಕಿಯಿಲ್ಲ! ನಾನೇ ಕರೆಸಿ ನಿಲ್ಲಿಸ್ತಿರೋದು!"

ಎದುರುಮನೆಯ ಮುದುಕ ಕಿಟಕಿ ಎತ್ತಿ ತಲೆ ಹೊರಗೆ ಹಾಕಿದ. "ನಮ್ಮಜ್ಜನೂ ಹಾಗೇ ಕಣಮ್ಮ" ಎಂದ. "ಊರವರು ಓಡಿಸಿದ್ರು ಅಂತ ಒಂದು ದಿನಾನೂ ಹೇಳಲಿಲ್ಲ. ನಾನೇ ಹೊರಟುಬಂದೆ ಅಂತಿದ್ದ."

ಬೀದಿ ನಕ್ಕಿತು. ಬ್ರೋನ್ಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆದುವಾಗಿ ಹಾಕಿಕೊಂಡಳು, ದಡಾರನೆ ಹಾಕುವುದು ಸೋತವರ ಕೆಲಸ.

ನವೆಂಬರ್ ಬಂತು. ಊರ ಮಗ್ಗುಲಿನ ಸರೋವರದ ಕಡೆಯಿಂದ ಗಾಳಿ ಬಂತು. ಕರೆಂಟಿನ ಪುಟ್ಟ ಹೀಟರ್ ಒಂದಿತ್ತು. ಅದನ್ನು ನೀರಿನ ಕೊಳವೆ ಹೆಪ್ಪುಗಟ್ಟದಿರಲಿ ಎಂದು ಅಡಿಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಇಟ್ಟಳು. ಇನ್ನೊಂದು ಹಚ್ಚಿದರೆ ಅಪ್ಪನ ಕಾಲದ ತಂತಿ ತಾಳದೆ ಫ್ಯೂಸ್ ಹಾರುತ್ತಿತ್ತು. ಎರಡು ಸ್ವೆಟರ್, ಅದರ ಮೇಲೆ ಕೋಟು, ತಲೆಗೆ ವಸ್ತ್ರ ಕಟ್ಟಿಕೊಂಡು, ಹೀಟರನ್ನು ಹತ್ತು ನಿಮಿಷ ಆರಿಸಿ ಕರೆಂಟಿನ ಒಲೆಯ ಮೇಲೆ ಕಾಯಿಸಿದ ಸೂಪು ಕುಡಿಯುತ್ತ ಕೂತರೆ ಅವಳಿಗೆ ತಾನು ಗೆದ್ದೆ ಎನ್ನಿಸುತ್ತಿತ್ತು.

ಆಗ ಒಂದು ದಿನ ಬರಿಗಾಲಿಟ್ಟಾಗ ಗೊತ್ತಾಯಿತು: ನೆಲ ಬೆಚ್ಚಗಿದೆ.

ಬಿಸಿ ಮೇಲಕ್ಕೆ ಏರುತ್ತದೆ. ಅದಕ್ಕೆ ಮರ್ಯಾದೆ ಗೊತ್ತಿಲ್ಲ. ಕೆಳಗೆ ಎಲ್ವಿರಾಳ ಗ್ಯಾಸ್ ಹೀಟರ್ ಗುರ್ ಎನ್ನುತ್ತ ಉರಿಯುತ್ತಿತ್ತು, ಅದರ ಬಿಸಿ ಹಲಗೆಯ ಸಂದಿಗಳಿಂದ ಸೊಬ್ಚಾಕ್ ಮನೆಗೆ ನುಸುಳಿ ಬರುತ್ತಿತ್ತು. ದುಡ್ಡು ಕಟ್ಟದ ಬಿಸಿ. ಕಳ್ಳಬಿಸಿ. ಬ್ರೋನ್ಯಾಳ ಅಂಗಾಲು ಝುಮ್ಮೆಂದಿತು, ಮುಖ ಸಿಂಡರಿಸಿತು. ಅಟ್ಟದ ಮೇಲಿದ್ದ ಹಳೇ ಜಮಖಾನೆಗಳನ್ನೆಲ್ಲ ಇಳಿಸಿ, ಒಂದರ ಮೇಲೊಂದು ಹಾಸಿ ಆ ಬಿಸಿಯನ್ನು ಕೆಳಗೇ ಅದುಮಿಟ್ಟಳು. ಕಳ್ಳಮಾಲು ತನ್ನ ಮನೆಯಲ್ಲಿ ಸಿಗಬಾರದು.

ಕ್ರಿಸ್‌ಮಸ್ಸಿಗೆ ಎಲ್ವಿರಾ ಮೇಲೆ ಬಂದು ಒಂದು ತಟ್ಟೆ ತಮಾಲೆ ಕೊಟ್ಟಳು. ಮುಸುಕಿನ ಜೋಳದ ಹಿಟ್ಟಿನೊಳಗೆ ಮಾಂಸವಿಟ್ಟು ಅದೇ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು, ಹಬೆ ಏಳುತ್ತಿತ್ತು. ಅವಳ ಕಣ್ಣು ಬಾಗಿಲ ಸಂದಿಯಿಂದ ಒಳಗಿನ ಜಮಖಾನೆಗಳ ಮೇಲೆ ಹೋಯಿತು, ಬ್ರೋನ್ಯಾಳ ಬಾಯಿಂದ ಬರುತ್ತಿದ್ದ ಉಸಿರಿನ ಹೊಗೆಯ ಮೇಲೆ ಹೋಯಿತು.

"ದೋನ್ಯಾ ಬ್ರೋನ್ಯಾ, ಮಧ್ಯಾಹ್ನ ಕೆಳಗೆ ಬಂದು ಕೂತ್ಕೊಳ್ಳಿ. ರಜೆ ಮುಗಿದ ಮೇಲೆ ಮಕ್ಕಳೂ ಸ್ಕೂಲಿಗೆ ಹೋಗಿರ್ತಾವೆ."

"ಯಾಕೆ? ನನ್ನ ಮನೇಲಿ ಕುರ್ಚಿ ಇಲ್ವಾ?"

"ಕುರ್ಚಿ ಇದೆ. ಕೂತವರು ಗಟ್ಟಿಯಾಗ್ತಿದ್ದಾರೆ."

"ನಮ್ಮ ಜನ ಹುಟ್ಟಿದ್ದೇ ಹಿಮದಲ್ಲಮ್ಮ. ನೀವು ಬಿಸಿಲವರು."

ತಮಾಲೆಯನ್ನು ಅವಳು ತೊಟ್ಟಿಯ ಮುಂದೆ ನಿಂತೇ ತಿಂದಳು, ಒಂದೂ ಬಿಡದೆ. ತಟ್ಟೆ ತೊಳೆದು, ಅದರಲ್ಲೊಂದು ರೈ ರೊಟ್ಟಿಯ ತುಂಡಿಟ್ಟು ವಾಪಸು ಕೊಟ್ಟು, "ಉಪ್ಪು ಜಾಸ್ತಿ" ಎಂದಳು.

ಜನವರಿ ಹಲ್ಲು ತೋರಿಸಿತು. ಉಗಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುವಂಥ ಚಳಿ. ಬ್ರೋನ್ಯಾ ಒಂದು ಜಮಖಾನೆ ಮಡಿಸಿದಳು. ಒಗೆಯಬೇಕಾಗಿದೆ ಎಂದು ತನಗೇ ಹೇಳಿಕೊಂಡಳು. ಮರುದಿನ ಇನ್ನೊಂದು. ವಾರ ಕಳೆಯುವುದರೊಳಗೆ ಅಡಿಗೆಮನೆಯ ನೆಲ ಬತ್ತಲಾಗಿ, ಅವಳ ಕುರ್ಚಿ ಎಲ್ವಿರಾಳ ಹೀಟರಿನ ನೆತ್ತಿಯ ಮೇಲೆ ಸರಿಯಾಗಿ ಬಂದು ಕೂತಿತ್ತು. ಯಾರೂ ನೋಡುತ್ತಿರಲಿಲ್ಲ. ನೋಡದಿದ್ದರೆ ಅದು ಸಾಲವಲ್ಲ.

ಆದರೆ ಗೋಡೆಯ ಮೇಲೊಂದು ತೂತಿತ್ತು. ಹಿಂದೆ ಕಲ್ಲಿದ್ದಲಿನ ಒಲೆಯ ಕೊಳವೆ ಹೊಗೆಗೂಡಿಗೆ ಸೇರುತ್ತಿದ್ದ ಜಾಗ. ಒಲೆ ಹೋದ ಮೇಲೆ ಅಮ್ಮ ಅದಕ್ಕೆ ಒಂದು ತಗಡಿನ ಮುಚ್ಚಳ ಹಾಕಿದ್ದಳು, ಅದರ ಮೇಲೆ ಬೆಟ್ಟ, ಹಳ್ಳ, ಕುರಿ ಕಾಯುವ ಹುಡುಗಿಯ ಬಣ್ಣದ ಚಿತ್ರ. ಆ ಮುಚ್ಚಳ ಈಗ ಸಡಿಲವಾಗಿ, ಗಾಳಿ ಬೀಸಿದಾಗಲೆಲ್ಲ ಹುಡುಗಿ ತಲೆಯಾಡಿಸುತ್ತಿದ್ದಳು. ಕೆಳಗಿನಿಂದ ಹನಿಹನಿಯಾಗಿ ಬಂದ ಬಿಸಿಯನ್ನೆಲ್ಲ ಆ ತೂತಿನಿಂದ ಇಳಿದ ಗಾಳಿ ತಿಂದುಹಾಕುತ್ತಿತ್ತು. ಬ್ರೋನ್ಯಾಳಿಗೆ ರೋಷ ಬಂತು. ತನಗೆ ಬೇಡದ ಬಿಸಿಯೇ ಆದರೂ ಗಾಳಿಗೆ ಯಾಕೆ ಹೋಗಬೇಕು?

ಒಂದು ಶನಿವಾರ ಸಂಜೆ ಪೆಟ್ಟಿಗೆಯಿಂದ ಅಮ್ಮನ ರಜಾಯಿ ತೆಗೆದಳು. ಹೆಬ್ಬಾತಿನ ಗರಿ ತುಂಬಿದ್ದು. ಅಮ್ಮ ಹಡಗಿನಲ್ಲಿ ಮಗುವಿನ ಹಾಗೆ ಎದೆಗೊತ್ತಿಕೊಂಡು ತಂದದ್ದು. ಬಟ್ಟೆ ಅಲ್ಲಲ್ಲಿ ಜೀರ್ಣವಾಗಿತ್ತು. ಮುಚ್ಚಳ ತೆಗೆದು, ರಜಾಯಿಯನ್ನು ಸುರುಳಿ ಸುತ್ತಿ ತೂತಿನೊಳಗೆ ತುರುಕಿದಳು. ಅರ್ಧ ಹೊರಗೇ ಉಳಿಯಿತು. ಪೊರಕೆಯ ಹಿಡಿಯಿಂದ ಬಲವಾಗಿ ಚುಚ್ಚಿದಳು. ಒಳಗೆ ಏನೋ ಇಟ್ಟಿಗೆಯಂಥದ್ದು ಕದಲಿ ಬಿದ್ದ ಸದ್ದಾಯಿತು, ರಜಾಯಿ ಪೂರ್ತಿ ಒಳಗೆ ಹೋಗಿ ಗಟ್ಟಿಯಾಗಿ ಕೂತಿತು. ಮುಚ್ಚಳ ಹಾಕಿದಳು. ಕುರಿ ಹುಡುಗಿ ತಲೆಯಾಡಿಸುವುದನ್ನು ನಿಲ್ಲಿಸಿದಳು.

ಅದೇ ಹೊಗೆಗೂಡಿನಿಂದ ಕೆಳಮನೆಯ ಹೀಟರಿನ ಹೊಗೆ ಮೇಲೆ ಹೋಗಬೇಕು ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಆ ಇಟ್ಟಿಗೆಗಳನ್ನು ಇಡುವಾಗ ಗಾರೆ ಎತ್ತಿಕೊಟ್ಟವಳೇ ಅವಳು. ಆದರೆ ಕೆಳಮನೆಯವರಿಂದ ತನ್ನ ಮನೆಗೆ ಏನು ಬರುತ್ತದೆ ಎಂದಷ್ಟೇ ಲೆಕ್ಕ ಹಾಕಿ ಅಭ್ಯಾಸವಾಗಿತ್ತು. ಅವರಿಂದ ಏನು ಹೋಗಬೇಕು ಎಂದು ಯೋಚಿಸುವ ರೂಢಿಯೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಎದ್ದಾಗ ತಲೆ ಭಾರವಾಗಿತ್ತು. ಕೆಳಗಿನವರ ಮೆಣಸಿನಕಾಯಿ ಘಾಟು ಎಂದು ಬೈದುಕೊಂಡು ಮೊದಲ ಪೂಜೆಗೆ ಚರ್ಚಿಗೆ ಹೋದಳು. ಹೊರಗಿನ ಗಾಳಿಗೆ ತಲೆ ಹಗುರಾಯಿತು. ಮರಳಿ ಬಂದು, ಕೋಟು ಬಿಚ್ಚದೆ, ಪೊರಕೆ ಕೈಗೆತ್ತಿಕೊಂಡು ಕುರ್ಚಿಯ ಮೇಲೆ ಕೂತಳು. ರೇಡಿಯೊ ಶುರುವಾಗುವ ಹೊತ್ತು.

ಶುರುವಾಗಲಿಲ್ಲ.

ಒಳ್ಳೆಯದೇ ಆಯಿತು ಎಂದುಕೊಂಡಳು. ಚಹಾ ಕಾಯಿಸಿದಳು. ಆದರೂ ಸದ್ದಿಲ್ಲ. ಮಕ್ಕಳ ಓಡಾಟವಿಲ್ಲ, ಪಾತ್ರೆಯಿಲ್ಲ. ಪೊರಕೆಯಿಂದ ಒಂದು ಸಲ ನೆಲ ಕುಟ್ಟಿದಳು, ಹಾಡಿಲ್ಲದಿದ್ದರೂ. ಉತ್ತರ ಬರಲಿಲ್ಲ. ಅವಳಿಗೆ ಅವಮಾನವಾದಂತೆನಿಸಿತು. ಇಷ್ಟು ಹೊತ್ತಾದರೂ ಬಿದ್ದುಕೊಂಡಿದ್ದಾರೆ, ಪೂಜೆಯಿಲ್ಲ ಪುನಸ್ಕಾರವಿಲ್ಲ, ಕರಡಿಗಳು! ಹೇಳಿಯೇ ಬರುತ್ತೇನೆ ಎಂದು ಪೊರಕೆಯ ಸಮೇತ ಹಿಂದಿನ ಮೆಟ್ಟಿಲಿಳಿದಳು.

ಕೆಳಮನೆಯ ಕಿಟಕಿಗಳೆಲ್ಲ ಒಳಗಿನಿಂದ ಬೆವತಿದ್ದವು. ಬಾಗಿಲು ಬಡಿದಳು. ಒಳಗೆ ಯಾರೋ ತೆವಳಿದ ಸದ್ದು. ತನ್ನ ಬೀಗದ ಕೈಯಿಂದ ತೆಗೆದರೆ, ಹೊಸಿಲ ಒಳಗಡೆ ಎಲ್ವಿರಾ ಮಂಡಿಯೂರಿ ವಾಂತಿ ಮಾಡಿಕೊಳ್ಳುತ್ತಿದ್ದಳು. "ತಲೆ... ಮಕ್ಕಳು ಏಳ್ತಿಲ್ಲ" ಎಂದಳು. ನಿಕಾನೊರ್ ಗೋಡೆ ಹಿಡಿದು ನಿಲ್ಲಲು ಹೋಗಿ ಕುಸಿದ. ಮಂಚದ ಮೇಲೆ ಎರಡು ಮಕ್ಕಳ ಕೆನ್ನೆ ಸೇಬಿನ ಹಾಗೆ ಕೆಂಪಾಗಿತ್ತು.

ಬ್ರೋನ್ಯಾಳ ಕಣ್ಣು ಹೀಟರಿನ ಕೊಳವೆಗೆ ಹೋಯಿತು, ಅದು ಹೊಕ್ಕಿದ್ದ ಇಟ್ಟಿಗೆಯ ಗೋಡೆಗೆ ಹೋಯಿತು, ಗೋಡೆಯಗುಂಟ ಮೇಲಕ್ಕೆ ಹೋಯಿತು. ದಾರಿಯಿಲ್ಲದ ಹೊಗೆಯ ವಿಷ ಮನೆಯೊಳಗೇ ತುಂಬಿದೆ ಎಂದು ಒಂದೇ ಉಸಿರಿಗೆ ತಿಳಿಯಿತು. ಪೊರಕೆಯ ಹಿಡಿಯಿಂದ ಕಿಟಕಿಯ ಗಾಜು ಒಡೆದಳು. ಚಿಕ್ಕದನ್ನು ಕಂಕುಳಲ್ಲಿ, ದೊಡ್ಡದನ್ನು ಕಾಲರ್ ಹಿಡಿದು ಎಳೆದುಕೊಂಡು ಹೊರಗೆ ಹಿಮದ ಮೇಲೆ ಹಾಕಿದಳು. ತನ್ನ ಒಳ್ಳೆಯ ಕೋಟನ್ನು, ಚರ್ಚಿನ ಕೋಟನ್ನು, ಬಿಚ್ಚಿ ಎರಡಕ್ಕೂ ಹೊದಿಸಿದಳು. "ಉಸಿರಾಡ್ರೋ! ಸೋಮಾರಿಗಳಾ, ಉಸಿರಾಡ್ರೋ!" ಎಂದು ಕೆನ್ನೆಗೆ ಬಾರಿಸಿದಳು. ಎದುರುಮನೆಯ ಮುದುಕ ಫೋನ್ ಮಾಡಿದ. ಚಿಕ್ಕದು ಕೆಮ್ಮಿ ಅಳುವುದಕ್ಕೆ ಶುರುಮಾಡಿದಾಗ ಬ್ರೋನ್ಯಾ ಮತ್ತೆ ಒಳನುಗ್ಗಿ, ಎಲ್ವಿರಾಳನ್ನೂ ನಿಕಾನೊರನನ್ನೂ ತೋಳು ಹಿಡಿದು ಹೊಸಿಲಾಚೆ ಎಳೆದು ಹಾಕಿದಳು.

ಅಗ್ನಿಶಾಮಕದವರು ಬಂದರು. ಆಂಬುಲೆನ್ಸಿನವರು ನಾಲ್ವರ ಮುಖಕ್ಕೂ ಆಮ್ಲಜನಕ ಹಿಡಿದರು, ಎಲ್ಲರೂ ಉಳಿದರು. ಒಬ್ಬ ಮಾಡಿಗೆ ಹತ್ತಿ ಹೊಗೆಗೂಡಿನೊಳಗೆ ಕೊಕ್ಕೆ ಬಿಟ್ಟು ಎಳೆದ. ಮಸಿ ಹಿಡಿದ ರಜಾಯಿ ಮೇಲೆ ಬಂದು, ಅಂಚಿಗೆ ಸಿಕ್ಕಿ ಪರ್ರನೆ ಹರಿಯಿತು. ಅಮ್ಮ ಕಡಲು ದಾಟಿಸಿ ತಂದ ಗರಿಗಳೆಲ್ಲ ಹಾರಿ, ಸರೋವರದ ಗಾಳಿಗೆ ಸುತ್ತಿ ಸುತ್ತಿ, ಬೀದಿಯಲ್ಲಿ ನೆರೆದವರ ಟೋಪಿಗಳ ಮೇಲೆ, ಗಡ್ಡಗಳ ಮೇಲೆ ಇಳಿದವು.

ಎಲ್ವಿರಾ ಮುಖದ ಮೇಲಿನ ಆಮ್ಲಜನಕದ ಬಟ್ಟಲು ಸರಿಸಿದಳು. ಒಂದು ಗರಿ ಅವಳ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ನಮ್ಮ ಬಿಸಿ ಬೇಕಿದ್ರೆ ಕೇಳಬಹುದಿತ್ತಲ್ಲ ದೋನ್ಯಾ" ಎಂದಳು. "ಇಳಿದು ಬಂದು ಕೂತ್ಕೊಳ್ಳಿ ಅಂತ ನಾನೇ ಕರೆದಿದ್ದೆ."

ನಿಮ್ಮ ಬಿಸಿಯಾ, ಯಾರಪ್ಪನ ದುಡ್ಡಿನದು ಎಂಬ ಮಾತು ಬ್ರೋನ್ಯಾಳ ನಾಲಿಗೆಯ ತುದಿಗೆ ಬಂತು. ಅಲ್ಲಿಯೇ ಹೆಪ್ಪುಗಟ್ಟಿತು.

ಗ್ಯಾಸ್ ಕಂಪನಿಯವನು ಬಂದು ಕೆಳಮನೆಯ ಮೀಟರಿಗೂ ಬೀಗ ಹಾಕಿದ. ನಿಕಾನೊರ್ ಕಂಬಳಿ ಸುತ್ತಿಕೊಂಡು ಎದ್ದು ನಿಂತ. "ಈಗ ಮುಚ್ಚೋ ಹಾಗಿಲ್ಲ. ಚಳಿಯ ಕಟ್ಟಳೆ ಇದೆ."

"ಅದು ಸಾಲಕ್ಕೆ ಕಣಯ್ಯ, ಸಾವಿಗಲ್ಲ" ಎಂದ ಕಂಪನಿಯವನು. "ಹೊಗೆಗೂಡು ಒಳಗೇ ಕುಸಿದಿದೆ. ಬಿಚ್ಚಿ ಕಟ್ಟೋವರೆಗೆ ಇಲ್ಲಿ ಒಂದು ಬೆಂಕಿಕಡ್ಡಿನೂ ಗೀಚಬೇಡಿ."

ಕೆಳಗಿನವರು ನಿಕಾನೊರನ ಅಣ್ಣನ ಮನೆಗೆ ಹೋದರು. ಸ್ಟಾಶ್ ಬಂದು ಎಷ್ಟು ಕರೆದರೂ ಬ್ರೋನ್ಯಾ ಕದಲಲಿಲ್ಲ. ಕೆಳಗಿನ ಬಿಸಿ ನಿಂತ ಮೇಲೆಯೇ ಅದು ಎಷ್ಟಿತ್ತು ಎಂದು ತಿಳಿದದ್ದು. ಗೋಡೆಗಳು ಟಕ್ ಟಕ್ ಎಂದು ಸಿಡಿಯತೊಡಗಿದವು. ಮರುದಿನ ಅವಳು ಫೋನ್ ಎತ್ತಿ ಕಂಪನಿಗೆ ಮಾಡಿದಳು. ಗ್ಯಾಸ್ ತೆರೆಯಿರಿ ಎಂದಳು. ದಯವಿಟ್ಟು ಎಂಬ ಮಾತನ್ನೂ ಸೇರಿಸಿದಳು. ಅದು ಹೊಸ ಹಲ್ಲಿನ ಸೆಟ್ಟಿನ ಹಾಗೆ ಬಾಯಲ್ಲಿ ಕೂರಲಿಲ್ಲ.

ಆ ಕಡೆಯ ಹುಡುಗಿ ಏನೇನೋ ಹುಡುಕಿದಳು. "ನೀವೇ ನಿಲ್ಲಿಸಿ ಅಂತ ಹೇಳಿದ್ದೀರಲ್ಲಮ್ಮ. ನಿಮ್ಮ ಮೇಲೆ ಬಾಕಿ ಏನೂ ಇಲ್ಲ."

"ಅದನ್ನೇ ಹೇಳ್ತಿರೋದು. ಒಂದು ಕಾಸೂ ಇಲ್ಲ."

"ಬಾಕಿ ಇದ್ದು ಸುಮ್ಮನೆ ಇದ್ದುಬಿಟ್ಟಿದ್ರೆ ಚೆನ್ನಾಗಿತ್ತು. ಚಳಿಗಾಲ ಪೂರ್ತಿ ನಾವು ನಿಮ್ಮನ್ನ ಮುಟ್ಟೋ ಹಾಗಿರಲಿಲ್ಲ. ಈಗ ಮನೆ ಮೇಲೆ ಅಪಾಯ ಅಂತ ಷರಾ ಬಿದ್ದಿದೆ. ಹೊಗೆಗೂಡು ಕಟ್ಟಿಸಿ, ನಗರಸಭೆಯವರು ನೋಡಿ ಹೋಗ್ಲಿ, ಆಮೇಲೆ ಫೋನ್ ಮಾಡಿ."

"ಈ ಚಳೀಲಿ ಗಾರೆ ಕಲಸೋನು ಯಾರೇ?"

"ಏಪ್ರಿಲ್ ಹೊತ್ತಿಗೆ ಸಿಗ್ತಾರಮ್ಮ" ಎಂದಳು ಹುಡುಗಿ.

ಅಂದು ಮಧ್ಯಾಹ್ನವೇ ಕೆಳಮನೆಯ ಕೊಳವೆ ಒಡೆಯಿತು. ನೀರು ಹಳೇ ತಂತಿಗೆ ತಗುಲಿ, ಚಟ್ ಎಂದು, ಇಡೀ ಮನೆಯ ಕರೆಂಟು ಹೋಗಿ, ಮೇಲಿನ ತೊಟ್ಟಿಯ ಕೆಳಗಿನ ಪುಟ್ಟ ಹೀಟರೂ ಆರಿತು. ಮೇಲಿನ ಕೊಳವೆಯೂ ಒಡೆಯಿತು. ನೀರು ಗೋಡೆಯೊಳಗೆ ಇಳಿದು, ಹೊರಗೆ ಬಂದು, ಮನೆಯ ಮುಂದೆ ಗಡ್ಡದ ಹಾಗೆ ಜೋತುಬಿದ್ದು ಗಟ್ಟಿಯಾಯಿತು. ನಗರಸಭೆಯವನು ಬಂದು ನೋಡಿ, ಇಲ್ಲಿ ಮನುಷ್ಯರು ಇರಕೂಡದು ಎಂದು ಮುಂಬಾಗಿಲಿಗೆ ಕೆಂಪು ಚೀಟಿ ಕಟ್ಟಿದ. ಕೈಗವುಸು ಹಾಕಿದ ಕೈಯಲ್ಲಿ ದಾರ ಸರಿಯಾಗಿ ನಿಲ್ಲದೆ ಚೀಟಿ ಓರೆಯಾಗಿ ಕೂತಿತು.

ಬ್ರೋನ್ಯಾ ಚರ್ಚಿನ ಕೋಟು ತೊಟ್ಟುಕೊಂಡಳು. ಎಲ್ವಿರಾ ಅದನ್ನು ಒಗೆಸಿ, ಮಡಿಸಿ, ಎದುರುಮನೆಯ ಮುದುಕನ ಕೈಯಲ್ಲಿ ಕಳಿಸಿದ್ದಳು, ಯಾವ ಮಾತನ್ನೂ ಸೇರಿಸದೆ. ಒಂದು ಪೆಟ್ಟಿಗೆಗೆ ಬಟ್ಟೆ, ಅಪ್ಪನ ಫೋಟೊ, ಕುರಿ ಹುಡುಗಿಯ ತಗಡು. ತಗಡನ್ನು ಮತ್ತೆ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟಳು. ಅದು ಬೇಡವಾಯಿತು.

ಹೊರಗೆ ನಿಕಾನೊರನ ಗಾಡಿ ನಿಂತಿತ್ತು. ಎಲ್ವಿರಾ ಮಕ್ಕಳ ಮಂಚ ಸಾಗಿಸಲು ಬಂದಿದ್ದಳು. ಇಬ್ಬರೂ ಅಂಗಳದಲ್ಲಿ ಎದುರಾದರು.

"ಆ ಚಿಕ್ಕದು ಇನ್ನೂ ಮೂಗು ಸುರಿಸ್ಕೊಂಡೇ ತಿರುಗುತ್ತಾ?" ಎಂದು ಕೇಳಿದಳು ಬ್ರೋನ್ಯಾ.

"ಉಸಿರಾಡ್ತಿದೆ" ಎಂದಳು ಎಲ್ವಿರಾ. "ಅಷ್ಟು ಸಾಕು." ಮಂಚದ ಕಾಲು ಹಿಡಿದು ಹೊರಟವಳು ತಿರುಗಿ ಇನ್ನೊಂದು ಮಾತು ಹೇಳಿದಳು. "ಉಪ್ಪು ಜಾಸ್ತಿ ಇರಲಿಲ್ಲ, ದೋನ್ಯಾ."

"ಇರಲಿಲ್ಲ" ಎಂದಳು ಬ್ರೋನ್ಯಾ ಕೊನೆಗೆ. ಆಗಲೇ ಎಲ್ವಿರಾ ಗಾಡಿಯ ಹತ್ತಿರವಿದ್ದಳು.

ಸ್ಟಾಶ್ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲಿಳಿದ. ಅವನ ಬೂಟಿನ ದಾರ ಇವತ್ತೂ ಬಿಚ್ಚಿತ್ತು. "ಬೀಗ ಯಾಕೆ ಅಕ್ಕ? ಒಳಗೆ ಮಂಜುಗಡ್ಡೆ ಬಿಟ್ಟು ಏನಿದೆ?"

"ಮಂಜುಗಡ್ಡೆಯಾದ್ರೂ ನಮ್ಮದು" ಎಂದಳು ಬ್ರೋನ್ಯಾ. ಬೀಗ ತಿರುವಿ, ಹಿಡಿ ಎಳೆದು ನೋಡಿದಳು. ಬೀದಿಯ ಪರದೆಗಳೆಲ್ಲ ಸರಿದಿದ್ದವು, ಅವಳಿಗೆ ಗೊತ್ತಿತ್ತು. ಎರಡು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಾಗಿಲ ಮುಂದೆ ನಿಂತಳು. ಕಿತ್ತೆಸೆಯುತ್ತಾಳೆ ಎಂದೇ ಸ್ಟಾಶ್ ಅಂದುಕೊಂಡ. ಅವಳು ಕೈಗವುಸು ಬಿಚ್ಚಿ, ಚಳಿಗೆ ಮರಗಟ್ಟುವ ಬೆರಳುಗಳಿಂದ ಆ ದಾರ ಬಿಡಿಸಿ, ಮತ್ತೆ ಬಿಗಿದು, ಕೆಂಪು ಚೀಟಿಯನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.

"ಕಟ್ಟೋದಾದ್ರೂ ಸರಿಯಾಗಿ ಕಟ್ಟೋಕೆ ಬರಲ್ಲ, ದರಿದ್ರದವರಿಗೆ" ಎಂದು, ಕೈಗವುಸು ಏರಿಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದಳು.